ಜೀವಿಗಳಲ್ಲಿ ಕೋಶಗಳ ಸಂಘಟನೆ

ಬಹುಕೋಶ ಜೀವಿಗಳಲ್ಲಿ ಕೋಶಗಳು ಗುಂಪುಗೂಡಿ ಅಂಗಾಂಶಗಳಾಗುತ್ತವೆ. ಅಂಗಾಂಶಗಳು ಹೆಣೆದುಕೊಂಡು ಅಂಗಗಳಾಗುತ್ತವೆ, ಅಂಗಗಳು ಒಂದಕ್ಕೊಂದು ಹೊಂದಿಕೊಂಡು ಅಂಗವ್ಯೂಹಗಳಾಗುತ್ತವೆ. ಶಾಲೆಯ ಪಠ್ಯಗಳು ಇದನ್ನು ಹೀಗೆ ಹಂತಹಂತವಾಗಿ ಕಲಿಸುತ್ತವೆ, ಕಲಿಯುವವರಿಗೆ ಅದು ಅನುಕೂಲವೂ ಹೌದು. ಆದರೆ ಹಂತಗಳ ಹೆಸರು ತಿಳಿದ ಮೇಲೂ ಮುಖ್ಯ ಪ್ರಶ್ನೆ ಹಾಗೇ ಉಳಿಯುತ್ತದೆ. ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆಯೆಂದು ಅಂದಾಜು. ಎಲ್ಲವೂ ಒಂದೇ ಕೋಶದ ಸಂತತಿ. ಕೋಶಕೇಂದ್ರ ಉಳಿಸಿಕೊಂಡಿರುವ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಬಗೆಯ ವಂಶವಾಹಿಗಳು. ಹಾಗಿದ್ದೂ ಕೆಲವು ಮೂಳೆ ಕಟ್ಟುತ್ತವೆ, ಕೆಲವು ಕಣ್ಣಿನ ಪಾರದರ್ಶಕ ಮಸೂರವಾಗುತ್ತವೆ, ಕೆಲವು ಬಿಡುವಿಲ್ಲದೆ ಮಿಡಿಯುತ್ತವೆ. ಯಾವ ಕೋಶ ಎಲ್ಲಿರಬೇಕು, ಏನು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ತೀರ್ಮಾನವಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕೋಶದ ಒಳಗೆ ಎಷ್ಟು ಹುಡುಕಬೇಕೋ ಕೋಶ ಕೋಶಗಳ ನಡುವೆಯೂ ಅಷ್ಟೇ ಹುಡುಕಬೇಕು ಎಂಬುದು ಕಳೆದ ನೂರು ವರ್ಷಗಳ ಸಂಶೋಧನೆಯಿಂದ ಸ್ಪಷ್ಟವಾಗಿದೆ.

ಇತಿಹಾಸ

ರಾಬರ್ಟ್ ಹುಕ್ 1665ರಲ್ಲಿ ಬಿರಡೆಯ ತೆಳು ಹೋಳಿನಲ್ಲಿ ಕಂಡದ್ದು ಸತ್ತ ಕೋಶಗಳ ಬರಿಯ ಗೋಡೆಗಳನ್ನು. ಅದೇ ಶತಮಾನದಲ್ಲಿ ಇಂಗ್ಲೆಂಡಿನ ನೆಹಮಾಯಾ ಗ್ರೂ ಮತ್ತು ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಗಿಡಗಳ ಕಾಂಡ, ಬೇರುಗಳನ್ನು ಕೊಯ್ದು ನೋಡಿ ಒಳರಚನೆಯ ಚಿತ್ರಗಳನ್ನು ಬರೆದರು. ಆ ಚಿತ್ರಗಳ ನಿಖರತೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಅಂಗಾಂಶವೆಂಬ ಕಲ್ಪನೆಗೆ ಗಟ್ಟಿ ರೂಪ ಕೊಟ್ಟವನು ಫ್ರಾನ್ಸಿನ ವೈದ್ಯ ಗ್ಸಾವಿಯೇ ಬಿಷಾ. ಶವಗಳನ್ನು ಛೇದಿಸಿ, ಭಾಗಗಳನ್ನು ಬೇಯಿಸಿ, ಕೊಳೆಸಿ, ಒಣಗಿಸಿ, ಆಮ್ಲದಲ್ಲಿ ನೆನೆಸಿ ಪರೀಕ್ಷಿಸಿದ ಅವನು ಮನುಷ್ಯ ದೇಹದಲ್ಲಿ 21 ಬಗೆಯ ಅಂಗಾಂಶಗಳಿವೆಯೆಂದು 1801ರಲ್ಲಿ ಪ್ರಕಟಿಸಿದ. ಸೂಕ್ಷ್ಮದರ್ಶಕದಲ್ಲಿ ಅವನಿಗೆ ನಂಬಿಕೆ ಇರಲಿಲ್ಲ. ಬರಿಗಣ್ಣನ್ನೇ ನೆಚ್ಚಿಕೊಂಡು, ರೋಗ ತಗಲುವುದು ಇಡೀ ಅಂಗಕ್ಕಲ್ಲ, ಅದರೊಳಗಿನ ನಿರ್ದಿಷ್ಟ ಅಂಗಾಂಶಕ್ಕೆ ಎಂಬ ತಿಳಿವಿಗೆ ಬಂದ. ಮರುವರ್ಷ 30ನೆಯ ವಯಸ್ಸಿನಲ್ಲೇ ತೀರಿಕೊಂಡ. ಅವನ ಅಂಗಾಂಶಗಳಿಗೂ ಹುಕ್‌ನ ಕೋಶಗಳಿಗೂ ಕೊಂಡಿ ಬಿದ್ದದ್ದು 1838–39ರಲ್ಲಿ. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು ಶ್ಲೈಡನ್, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ ಸಾರಿದರು. ಇರುವ ಕೋಶದಿಂದಲೇ ಹೊಸ ಕೋಶ ಹುಟ್ಟುತ್ತದೆ ಎಂಬ ಮಾತನ್ನು ಬರ್ಲಿನ್ನಿನ ರೂಡಾಲ್ಫ್ ವಿರ್ಶೋ 1858ರ ತನ್ನ ಉಪನ್ಯಾಸಗಳಲ್ಲಿ ರೋಗಶಾಸ್ತ್ರದ ಅಡಿಪಾಯವಾಗಿಸಿದ.

ಒಂಟಿ ಕೋಶದಿಂದ ಗುಂಪಿಗೆ

ಬಹುಕೋಶ ಬದುಕು ಭೂಮಿಯ ಮೇಲೆ ಒಂದೇ ಬಾರಿ ಹುಟ್ಟಿದ್ದಲ್ಲ. ಪ್ರಾಣಿ, ಸಸ್ಯ, ಶಿಲೀಂಧ್ರ, ಕಂದು ಪಾಚಿ, ಕೆಂಪು ಪಾಚಿಗಳ ವಂಶಗಳು ಬೇರೆಬೇರೆಯಾಗಿ ಆ ದಾರಿ ಹಿಡಿದಿವೆ. ಸಣ್ಣಪುಟ್ಟ ಗುಂಪುಗಳನ್ನೂ ಸೇರಿಸಿದರೆ ಇಂತಹ ಆರಂಭಗಳು ಕನಿಷ್ಠ 25 ಎಂಬ ಲೆಕ್ಕವಿದೆ. ಪ್ರತಿ ವಂಶವೂ ತನ್ನದೇ ಸಾಮಗ್ರಿಯಿಂದ ತನ್ನದೇ ಉಪಾಯ ಕಂಡುಕೊಂಡಿತು. ಗಿಡದ ಸಂಘಟನೆಗೂ ಪ್ರಾಣಿಯ ಸಂಘಟನೆಗೂ ಮೇಲುನೋಟಕ್ಕೆ ಕಾಣುವಷ್ಟು ಹೋಲಿಕೆ ಇಲ್ಲದಿರುವುದು ಇದರಿಂದಲೇ.

ಕೆಲಸ ಹಂಚಿಕೆಯ ಮೊದಲ ಹೆಜ್ಜೆ ಹೇಗಿದ್ದೀತು ಎಂಬುದಕ್ಕೆ ಸಿಹಿನೀರಿನ ಹಸಿರು ಪಾಚಿ ವಾಲ್‌ವಾಕ್ಸ್ ಒಳ್ಳೆಯ ನಿದರ್ಶನ. ಇದರ ಹತ್ತಿರದ ಬಂಧು ಕ್ಲಾಮಿಡೊಮೊನಾಸ್ ಒಂಟಿ ಕೋಶದ ಜೀವಿ. ಗೋನಿಯಂನಲ್ಲಿ 8 ಅಥವಾ 16 ಕೋಶಗಳು ಒಟ್ಟಿಗಿದ್ದರೂ ಎಲ್ಲವೂ ಸಮಾನ, ಯಾವುದು ಬೇಕಾದರೂ ಸಂತಾನ ಹುಟ್ಟಿಸಬಲ್ಲದು. ವಾಲ್‌ವಾಕ್ಸ್ ಕಾರ್ಟೆರಿ ಎಂಬ ಜಾತಿಯ ಗೋಳದಲ್ಲಾದರೋ ಸುಮಾರು 2,000 ಸಣ್ಣ ಕೋಶಗಳು ಹೊರಮೈಯಲ್ಲಿ ಕಶಾಂಗ ಬೀಸುತ್ತ ಈಜಿನ ಕೆಲಸ ನೋಡಿಕೊಳ್ಳುತ್ತವೆ. ಒಳಗಿರುವ 16ರಷ್ಟು ದೊಡ್ಡ ಕೋಶಗಳು ಮಾತ್ರ ಮುಂದಿನ ಪೀಳಿಗೆ ಹುಟ್ಟಿಸುತ್ತವೆ. ಮರಿಗೋಳಗಳು ಹೊರಬಂದ ಮೇಲೆ ಈಜುವ ಕೋಶಗಳು ಸಾಯುತ್ತವೆ. ದೇಹ ಮತ್ತು ಸಂತಾನ ಎಂಬ ಭೇದ, ಅದರ ಜೊತೆಗೇ ದೇಹದ ಸಾವು, ಇಷ್ಟು ಸರಳವಾದ ಜೀವಿಯಲ್ಲೇ ಕಾಣಿಸಿಕೊಂಡಿದೆ.

ಇನ್ನೊಂದು ಮಾರ್ಗ ಇದಕ್ಕಿಂತ ವಿಚಿತ್ರವಾದದ್ದು. ಡಿಕ್ಟಿಯೊಸ್ಟೀಲಿಯಂ ಎಂಬ ಲೋಳೆ ಶಿಲೀಂಧ್ರ ಹೆಸರಿಗೆ ಮಾತ್ರ ಶಿಲೀಂಧ್ರ. ನಿಜದಲ್ಲಿ ಅದು ಮಣ್ಣಿನಲ್ಲಿ ಬ್ಯಾಕ್ಟೀರಿಯ ತಿಂದು ಒಂಟಿಯಾಗಿ ಬದುಕುವ ಅಮೀಬ. ಆಹಾರ ಮುಗಿದಾಗ ಕೆಲವು ಅಮೀಬಗಳು ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕವನ್ನು ಕೆಲವು ನಿಮಿಷಗಳಿಗೊಮ್ಮೆ ಹೊರಬಿಡುತ್ತವೆ. ಅದು ತಾಕಿದ ನೆರೆಯ ಅಮೀಬ ಆ ಕಡೆಗೆ ಸರಿಯುತ್ತ ತಾನೂ ಅದನ್ನೇ ಹೊರಬಿಡುತ್ತದೆ. ಹೀಗೆ ಅಲೆ ಅಲೆಯಾಗಿ ಹಬ್ಬಿದ ಕರೆಗೆ ಓಗೊಟ್ಟು ಸಾವಿರಾರು, ಕೆಲವೊಮ್ಮೆ ಲಕ್ಷದಷ್ಟು ಕೋಶಗಳು ಒಂದೆಡೆ ಕೂಡಿ, ಬೆಳಕಿನ ಕಡೆಗೆ ತೆವಳುವ ಕೆಲವೇ ಮಿಲಿಮೀಟರ್ ಉದ್ದದ ಹುಳುವಿನಂತಾಗುತ್ತವೆ. ಕೊನೆಗೆ ಸುಮಾರು ಐದನೆಯ ಒಂದು ಭಾಗ ಕೋಶಗಳು ತೊಟ್ಟಾಗಿ ಗಟ್ಟಿಗೊಂಡು ಸಾಯುತ್ತವೆ. ಉಳಿದವು ಅದರ ತುದಿಯಲ್ಲಿ ಬೀಜಾಣುಗಳಾಗಿ ಬದುಕುತ್ತವೆ. ತೊಟ್ಟಾಗುವವರು ಯಾರು, ಬೀಜಾಣುವಾಗುವವರು ಯಾರು, ಸಾಯುವ ಪಾಲನ್ನು ನಿಸರ್ಗದ ಆಯ್ಕೆ ಹೇಗೆ ಉಳಿಸಿಕೊಂಡು ಬಂತು ಎಂಬ ಪ್ರಶ್ನೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಇಲ್ಲಿ ಕೂಡಿಬಂದ ಕೋಶಗಳು ಒಂದೇ ತಾಯಿಕೋಶದ ಮಕ್ಕಳಾಗಿರಬೇಕಿಲ್ಲ. ನಮ್ಮ ದೇಹದ ಸಂಘಟನೆಗೂ ಇದಕ್ಕೂ ಇರುವ ಆಳವಾದ ವ್ಯತ್ಯಾಸ ಅದೇ.

ಕೋಶಗಳನ್ನು ಹಿಡಿದಿಡುವ ಅಂಟು

ಅಮೆರಿಕದ ಎಚ್. ವಿ. ವಿಲ್ಸನ್ 1907ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಹೊಸ ದಾರಿ ತೆರೆಯಿತು. ಅವನು ಜೀವಂತ ಕಡಲ ಸ್ಪಂಜನ್ನು ನವಿರಾದ ರೇಷ್ಮೆ ಬಟ್ಟೆಯಲ್ಲಿಟ್ಟು ಸಮುದ್ರದ ನೀರಿನೊಳಗೆ ಹಿಂಡಿದ. ಬಟ್ಟೆಯ ರಂಧ್ರಗಳಿಂದ ಬಿಡಿ ಕೋಶಗಳೂ ಕೋಶಗಳ ಚೂರುಗಳೂ ಹೊರಬಂದು ತಳದಲ್ಲಿ ಕೂತವು. ಆಮೇಲೆ ಅವು ತೆವಳಿ, ಒಂದನ್ನೊಂದು ಕೂಡಿ, ದಿನಗಳು ಕಳೆದಂತೆ ಮತ್ತೆ ಪುಟ್ಟ ಸ್ಪಂಜುಗಳಾದವು. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೇಟರ್ ಉಭಯಚರಗಳ ಭ್ರೂಣದಲ್ಲಿ ಇಂಥದ್ದನ್ನೇ ಮಾಡಿದರು. ಚರ್ಮವಾಗಬೇಕಿದ್ದ ಕೋಶಗಳನ್ನೂ ನರವಾಗಬೇಕಿದ್ದ ಕೋಶಗಳನ್ನೂ ಬಿಡಿಬಿಡಿ ಮಾಡಿ ಕಲಸಿಟ್ಟರೆ, ಅವು ತಾವಾಗಿ ಬೇರ್ಪಟ್ಟು ಚರ್ಮದವು ಹೊರಗೂ ನರದವು ಒಳಗೂ ಸೇರಿಕೊಂಡವು. ಜಾಗ ತೋರಿಸುವವರು ಯಾರೂ ಇರಲಿಲ್ಲ. ತನ್ನ ಜೊತೆಗಾರ ಯಾರು ಎಂಬ ಗುರುತು ಕೋಶದ ಮೈಮೇಲೆಯೇ ಇತ್ತು.

ಆ ಗುರುತು ಏನೆಂದು 1980ರ ದಶಕದಲ್ಲಿ ತಿಳಿಯಿತು. ಜಪಾನಿನ ಮಸಾತೋಶಿ ತಾಕೇಚಿ ಮತ್ತು ಅವರ ಸಹೋದ್ಯೋಗಿಗಳು ಕ್ಯಾಲ್ಸಿಯಂ ಇದ್ದಾಗ ಮಾತ್ರ ಕೆಲಸ ಮಾಡುವ ಪ್ರೊಟೀನುಗಳ ಒಂದು ಕುಟುಂಬವನ್ನು ಗುರುತಿಸಿದರು. ಇವೇ ಕ್ಯಾಡ್‌ಹೀರಿನ್‌ಗಳು. ಒಂದು ಕೋಶದ ಕ್ಯಾಡ್‌ಹೀರಿನ್ ಪಕ್ಕದ ಕೋಶದ ಅದೇ ಬಗೆಯ ಕ್ಯಾಡ್‌ಹೀರಿನ್ ಅನ್ನು ಹಿಡಿಯುತ್ತದೆ. ಭ್ರೂಣದಲ್ಲಿ ನರನಾಳ ರೂಪುಗೊಳ್ಳುವಾಗ ಅಲ್ಲಿನ ಕೋಶಗಳು ಚರ್ಮದ ಬಗೆಯ ಕ್ಯಾಡ್‌ಹೀರಿನ್ ಬಿಟ್ಟು ನರದ ಬಗೆಯದನ್ನು ಹೊತ್ತುಕೊಳ್ಳುತ್ತವೆ ಮತ್ತು ಹೊರಪದರದಿಂದ ಕಳಚಿಕೊಳ್ಳುತ್ತವೆ.

ಈ ಹಿಡಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಪೆಂಫಿಗಸ್ ಎಂಬ ಕಾಯಿಲೆ ತೋರಿಸುತ್ತದೆ. ಅದರಲ್ಲಿ ರೋಗಿಯ ರಕ್ಷಣಾ ವ್ಯವಸ್ಥೆಯೇ ಚರ್ಮದ ಕೋಶಗಳನ್ನು ಬಂಧಿಸುವ ಡೆಸ್ಮೊಗ್ಲೀನ್ ಎಂಬ ಪ್ರೊಟೀನಿನ ಮೇಲೆ ದಾಳಿ ಮಾಡುತ್ತದೆ. ಇದೂ ಕ್ಯಾಡ್‌ಹೀರಿನ್ ಕುಟುಂಬದ್ದೇ. ಕೋಶಗಳು ಆರೋಗ್ಯವಾಗಿದ್ದರೂ ಒಂದನ್ನೊಂದು ಬಿಟ್ಟುಕೊಡುತ್ತವೆ. ನಡುವೆ ನೀರು ತುಂಬಿ ಮೈಮೇಲೂ ಬಾಯೊಳಗೂ ಗುಳ್ಳೆಗಳೇಳುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ.

ಕೋಶಗಳು ಪರಸ್ಪರ ಹಿಡಿದುಕೊಳ್ಳುವುದಲ್ಲದೆ ತಮ್ಮ ಸುತ್ತ ಒಂದು ಹಂದರವನ್ನೂ ಸ್ರವಿಸಿ ಕಟ್ಟುತ್ತವೆ. ಅದರ ಮುಖ್ಯ ವಸ್ತು ಕೊಲ್ಯಾಜನ್. ಸಸ್ತನಿಗಳ ದೇಹದಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿರುವ ಪ್ರೊಟೀನು ಇದು. ಕೊಲ್ಯಾಜನ್ ಎಳೆಗಳು ಗಟ್ಟಿಯಾಗಿ ಹುರಿಗೊಳ್ಳಲು ಸಿ ಜೀವಸತ್ವ ಬೇಕು. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿ ಕಾಣದ ನಾವಿಕರಿಗೆ ಸ್ಕರ್ವಿ ಬಂದಾಗ ವಸಡು ಒಸರುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ಎಂದೋ ಮಾಯ್ದ ಗಾಯಗಳು ಮತ್ತೆ ಬಾಯಿ ತೆರೆಯುತ್ತಿದ್ದವು. ಜೇಮ್ಸ್ ಲಿಂಡ್ 1747ರಲ್ಲಿ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದ ಈ ಕಾಯಿಲೆ ನಿಜವಾಗಿ ಕೋಶಗಳ ನಡುವಿನ ಹಂದರದ ಕಾಯಿಲೆ. ದೇಹವನ್ನು ಕೋಶಗಳ ರಾಶಿಯೆಂದಷ್ಟೇ ಎಣಿಸುವವರು ಸ್ಕರ್ವಿಯ ವಿವರಗಳನ್ನೊಮ್ಮೆ ಓದಬೇಕು.

ಪ್ರಾಣಿಗಳ ಅಂಗಾಂಶಗಳು

ಬಿಷಾನ 21 ಬಗೆಗಳು ಈಗ ನಾಲ್ಕು ದೊಡ್ಡ ಗುಂಪುಗಳಿಗೆ ಇಳಿದಿವೆ. ಮೈಯ ಹೊರಮೈ, ಒಳಕೊಳವೆಗಳು, ಗ್ರಂಥಿಗಳನ್ನು ಹೊದ್ದಿಸುವುದು ಅನುಲೇಪಕ ಅಂಗಾಂಶ. ಇದರ ಕೋಶಗಳು ಒತ್ತೊತ್ತಾಗಿ ಕೂತು, ಒಂದು ಮುಖವನ್ನು ಹೊರಗೂ ಇನ್ನೊಂದನ್ನು ಒಳಗೂ ತಿರುಗಿಸಿಕೊಂಡಿರುತ್ತವೆ. ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು, ಕೊಬ್ಬು, ರಕ್ತ ಇವು ಸಂಯೋಜಕ ಅಂಗಾಂಶಗಳು. ರಕ್ತ ಈ ಪಟ್ಟಿಯಲ್ಲಿರುವುದು ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸುತ್ತದೆ. ಕೋಶಗಳಿಗಿಂತ ಅವುಗಳ ನಡುವಿನ ವಸ್ತುವೇ ಹೆಚ್ಚಾಗಿರುವುದು ಈ ಗುಂಪಿನ ಗುಣ, ರಕ್ತದಲ್ಲಿ ಆ ವಸ್ತು ದ್ರವವಾಗಿದೆ ಅಷ್ಟೇ. ಉಳಿದೆರಡು ಸ್ನಾಯು ಅಂಗಾಂಶ ಮತ್ತು ನರ ಅಂಗಾಂಶ.

ಹೃದಯದ ಸ್ನಾಯುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಒಂದೊಂದೂ ತನ್ನದೇ ಲಯದಲ್ಲಿ ಮಿಡಿಯಬಲ್ಲದು. ಬೆಳೆದು ಎರಡು ಕೋಶಗಳು ತಾಗಿದ ಮೇಲೆ ಲಯ ಒಂದಾಗುತ್ತದೆ. ಕೋಶಗಳ ನಡುವಿನ ಅತಿ ಸಣ್ಣ ಪ್ರೊಟೀನು ಕಾಲುವೆಗಳ ಮೂಲಕ ವಿದ್ಯುತ್ ಸಂಕೇತ ನೇರವಾಗಿ ದಾಟುವುದೇ ಇದಕ್ಕೆ ಕಾರಣ.

ಅಂಗ: ಸಣ್ಣ ಕರುಳಿನ ಉದಾಹರಣೆ

ದೇಹದಲ್ಲಿ ಒಟ್ಟು ಎಷ್ಟು ಅಂಗಗಳಿವೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಸಂಖ್ಯೆ ಇಲ್ಲ. ಅಂಗ ಎಂದರೇನು ಎಂಬುದನ್ನು ಎಣಿಕೆಗಿಂತ ಒಂದೇ ಅಂಗವನ್ನು ಬಿಡಿಸಿ ನೋಡಿ ಅರಿಯುವುದು ಲೇಸು. ಸಣ್ಣ ಕರುಳು ಅದಕ್ಕೆ ತಕ್ಕದ್ದು, ನಾಲ್ಕೂ ಬಗೆಯ ಅಂಗಾಂಶಗಳು ಅಲ್ಲಿ ಒಂದರ ಮೇಲೊಂದು ಸುತ್ತಿಕೊಂಡಿವೆ.

ಸುಮಾರು 6 ಮೀಟರ್ ಉದ್ದದ ಈ ಕೊಳವೆಯ ಒಳಮೈ ಮಡಿಕೆ ಮಡಿಕೆಯಾಗಿದೆ. ಮಡಿಕೆಗಳ ಮೇಲೆ ಟವೆಲಿನ ಎಳೆಗಳಂತೆ ವಿಲ್ಲೈಗಳು ಎದ್ದು ನಿಂತಿವೆ. ಒಂದೊಂದರ ಎತ್ತರ ಹೆಚ್ಚೆಂದರೆ ಒಂದು ಮಿಲಿಮೀಟರ್. ವಿಲ್ಲೈ ಹೊದ್ದ ಪ್ರತಿ ಕೋಶದ ತುದಿಯಲ್ಲೂ ಮತ್ತೆ ಸೂಕ್ಷ್ಮ ಎಳೆಗಳಿವೆ. ಇವೆಲ್ಲ ಸೇರಿ ಹೀರುವ ಮೈಯ ವಿಸ್ತಾರ ಟೆನಿಸ್ ಅಂಗಳದಷ್ಟು ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಹೊಸದಾಗಿ ಅಳೆದು ಅದು ಸುಮಾರು 30 ಚದರ ಮೀಟರ್ ಎಂದು ತೋರಿಸಿದರು. ಹಾಗಿದ್ದರೂ ನಮ್ಮ ಇಡೀ ಚರ್ಮದ ಹದಿನೈದು ಪಟ್ಟಿನಷ್ಟಾಯಿತು.

ಹೊರಜಗತ್ತಿಗೂ ರಕ್ತಕ್ಕೂ ನಡುವೆ ಇಲ್ಲಿರುವುದು ಒಂದೇ ಕೋಶದ ದಪ್ಪದ ಪದರ. ಅದು ಜೀರ್ಣರಸಗಳ ನಡುವೆ, ತಿಕ್ಕಾಟದ ನಡುವೆ ಕೆಲಸ ಮಾಡಬೇಕಾದ್ದರಿಂದ ಬಹಳ ದಿನ ಬಾಳುವುದಿಲ್ಲ. ವಿಲ್ಲೈಗಳ ಬುಡದ ಗುಳಿಗಳಲ್ಲಿ ಆಕರಕೋಶಗಳಿವೆ. ಸ್ಟೆಮ್ ಸೆಲ್ ಎಂದು ಪತ್ರಿಕೆಗಳಲ್ಲಿ ಓದುವುದು ಇವನ್ನೇ. ಇವು ಒಡೆದು ಹುಟ್ಟಿದ ಕೋಶಗಳು ಗುಳಿಯಿಂದ ಮೇಲಕ್ಕೆ ಸರಿಯುತ್ತ, ಸರಿಯುವಾಗಲೇ ಹೀರುವ ಕೋಶವೋ ಲೋಳೆ ಸುರಿಸುವ ಕೋಶವೋ ಆಗಿ ಪಳಗಿ, ನಾಲ್ಕೈದು ದಿನಗಳಲ್ಲಿ ವಿಲ್ಲೈ ತುದಿ ತಲುಪಿ ಉದುರುತ್ತವೆ. ಗುಳಿಯ ತಳದಲ್ಲಿ ಆಕರಕೋಶಗಳ ಪಕ್ಕದಲ್ಲೇ ಕೂತ ಪ್ಯಾನೆತ್ ಕೋಶಗಳು ಬ್ಯಾಕ್ಟೀರಿಯ ಕೊಲ್ಲುವ ವಸ್ತುಗಳನ್ನು ಸ್ರವಿಸುತ್ತವೆ, ಜೊತೆಗೆ ಆಕರಕೋಶಗಳಿಗೆ ಬೇಕಾದ ಸಂಕೇತಗಳನ್ನೂ ಒದಗಿಸುತ್ತವೆ. ಆ ಸಂಕೇತಗಳ ವ್ಯಾಪ್ತಿಯಿಂದ ಆಚೆಗೆ ತಳ್ಳಲ್ಪಟ್ಟ ಕೋಶ ಆಕರಕೋಶವಾಗಿ ಉಳಿಯುವುದಿಲ್ಲ. ಅದರ ಪಾಡನ್ನು ಗೊತ್ತುಮಾಡುವುದು ಅದಿರುವ ಜಾಗ.

ಈ ಪದರದ ಕೆಳಗೆ ರಕ್ತದ ಲೋಮನಾಳಗಳು, ಕೊಬ್ಬನ್ನು ಸಾಗಿಸುವ ದುಗ್ಧನಾಳಗಳು, ಸೋಂಕು ಕಾಯುವ ಬಿಳಿರಕ್ತಕಣಗಳ ಗುಂಪುಗಳು ಸಂಯೋಜಕ ಅಂಗಾಂಶದಲ್ಲಿ ಹುದುಗಿವೆ. ಅದರ ಸುತ್ತ ಸ್ನಾಯುವಿನ ಎರಡು ಪದರಗಳು, ಒಳಗಿನದು ಬಳೆಯಾಕಾರದಲ್ಲಿ ಸುತ್ತಿದ್ದರೆ ಹೊರಗಿನದು ಉದ್ದಕ್ಕೆ ಹಾಸಿದೆ. ಅವುಗಳ ನಡುವೆ ನರಗಳ ಬಲೆ. ಜೀರ್ಣನಾಳದ ಗೋಡೆಯಲ್ಲಿ ಒಟ್ಟು 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಮೆದುಳಿನ ಅಪ್ಪಣೆಗೆ ಕಾಯದೆ ಕರುಳಿನ ಚಲನೆಯನ್ನು ಅವೇ ನಡೆಸಬಲ್ಲವು.

ಕರುಳು ಹೀರಿದ್ದನ್ನು ಹಂಚಲು ರಕ್ತಪರಿಚಲನೆ ಬೇಕು. ಕೋಶಗಳಿಗೆ ಆಮ್ಲಜನಕ ತಲುಪುವುದು ಅಣುಗಳ ವಿಸರಣೆಯಿಂದ, ಅದರ ವೇಗಕ್ಕೆ ಮಿತಿಯಿದೆ. ಹೀಗಾಗಿ ದುಡಿಯುವ ಅಂಗಾಂಶಗಳಲ್ಲಿ ಪ್ರತಿ ಕೋಶವೂ ಯಾವುದಾದರೊಂದು ಲೋಮನಾಳದಿಂದ ಒಂದೆರಡು ದಶಾಂಶ ಮಿಲಿಮೀಟರಿನೊಳಗೇ ಇರಬೇಕಾಗುತ್ತದೆ. ಹೈಡ್ರಾದ ಮೈಗೋಡೆಯಲ್ಲಿ ಕೋಶಗಳ ಎರಡೇ ಪದರ, ಎರಡೂ ನೀರಿಗೆ ತಾಗಿವೆ, ಆದ್ದರಿಂದ ಅದಕ್ಕೆ ಹೃದಯವೂ ಬೇಡ, ರಕ್ತವೂ ಬೇಡ. ದೇಹ ದಪ್ಪವಾದಂತೆ ಅಂಗವ್ಯೂಹಗಳು ಅನಿವಾರ್ಯವಾದವು.

ಸಸ್ಯಗಳ ದಾರಿಯೇ ಬೇರೆ

ಸಸ್ಯಕೋಶದ ಸುತ್ತ ಸೆಲ್ಯುಲೋಸಿನ ಗಟ್ಟಿ ಗೋಡೆಯಿದೆ. ಹುಟ್ಟಿದಲ್ಲಿಂದ ಅದು ಕದಲಲಾರದು. ಕೋಶಗಳು ಅಲೆದಾಡಿ ತಮ್ಮವರನ್ನು ಹುಡುಕುವ ಮಾತೇ ಇಲ್ಲಿಲ್ಲ. ಒಡೆಯುವ ದಿಕ್ಕು, ಹಿಗ್ಗುವ ದಿಕ್ಕು ಇವೆರಡರಿಂದಲೇ ಎಲೆ, ಹೂ, ಬೇರುಗಳ ಆಕಾರ ಮೂಡಬೇಕು. ಗೋಡೆಯಲ್ಲಿ ಪ್ಲಾಸ್ಮೊಡೆಸ್ಮಾಟ ಎಂಬ ಸೂಕ್ಷ್ಮ ಕಿಂಡಿಗಳಿವೆ. ಪಕ್ಕದ ಕೋಶಗಳ ಒಳದ್ರವ ಅವುಗಳ ಮೂಲಕ ಒಂದಕ್ಕೊಂದು ಕೂಡಿಕೊಂಡಿರುತ್ತದೆ.

ಪ್ರಾಣಿಯ ಅಂಗಗಳು ಬಹುಮಟ್ಟಿಗೆ ಭ್ರೂಣದಲ್ಲೇ ರೂಪುಗೊಂಡು ಮುಗಿಯುತ್ತವೆ. ಗಿಡವಾದರೋ ಬದುಕಿರುವವರೆಗೂ ಹೊಸ ಅಂಗಗಳನ್ನು ಹೊರಡಿಸುತ್ತಲೇ ಇರುತ್ತದೆ. ಚಿಗುರಿನ ತುದಿಯಲ್ಲೂ ಬೇರಿನ ತುದಿಯಲ್ಲೂ ಇರುವ ವರ್ಧನ ಅಂಗಾಂಶ ಇದಕ್ಕೆ ಕಾರಣ. ಮಾವು, ಹಲಸು, ತೇಗಗಳಲ್ಲಿ ತೊಗಟೆಯ ಒಳಗೆ ಕ್ಯಾಂಬಿಯಂ ಎಂಬ ಇನ್ನೊಂದು ವರ್ಧನ ಪದರವಿದ್ದು, ಒಳಗಡೆಗೆ ಮರವನ್ನೂ ಹೊರಗಡೆಗೆ ಆಹಾರ ಸಾಗಿಸುವ ಫ್ಲೋಯಂ ಅನ್ನೂ ಕಟ್ಟುತ್ತದೆ. ತೆಂಗು, ಅಡಿಕೆಗಳಲ್ಲಿ ಈ ಪದರ ಇಲ್ಲ. ಅಡಿಕೆ ಮರ ಎಷ್ಟು ಎತ್ತರಕ್ಕೆ ಹೋದರೂ ಕಾಂಡ ದಪ್ಪವಾಗದಿರುವುದು, ಕಡಿದರೆ ವಾರ್ಷಿಕ ಉಂಗುರಗಳು ಕಾಣದಿರುವುದು ಇದರಿಂದಲೇ.

ನೀರು ಸಾಗಿಸುವ ಕ್ಸೈಲಂನ ಕೋಶಗಳು ಸತ್ತ ಮೇಲೆಯೇ ತಮ್ಮ ಕೆಲಸ ಶುರುಮಾಡುತ್ತವೆ. ಒಳಗಿನದೆಲ್ಲ ಕರಗಿ ಬರಿದಾದ ಕೊಳವೆಗಳಲ್ಲಿ ನೀರು ಏರುತ್ತದೆ. ಫ್ಲೋಯಂನ ಜರಡಿಕೋಶಗಳು ಬದುಕಿದ್ದರೂ ಕೋಶಕೇಂದ್ರ ಕಳೆದುಕೊಂಡು ಪಕ್ಕದ ಸಂಗಾತಿ ಕೋಶದ ಆಶ್ರಯದಲ್ಲಿರುತ್ತವೆ. ಶ್ರೀಗಂಧದ ಪರಿಮಳದ ಎಣ್ಣೆ ತುಂಬಿಕೊಳ್ಳುವುದೂ ಮರದ ನಡುವಿನ ಚೇಗಿನಲ್ಲಿ, ಅಂದರೆ ನೀರು ಸಾಗಿಸುವುದನ್ನು ನಿಲ್ಲಿಸಿದ ಹಳೆಯ ಕ್ಸೈಲಂನಲ್ಲಿ. ಅದೇ ಶ್ರೀಗಂಧದ ಬೇರುಗಳು ನೆರೆಯ ಗಿಡಗಳ ಬೇರಿಗೆ ಹೀರುಬೇರು ಚುಚ್ಚಿ, ಅವುಗಳ ಕ್ಸೈಲಂಗೆ ತಮ್ಮದನ್ನು ಜೋಡಿಸಿಕೊಳ್ಳುತ್ತವೆ. ಎರಡು ಬೇರೆ ಜೀವಿಗಳ ಅಂಗಾಂಶಗಳು ಹೀಗೆ ಬೆಸೆದುಕೊಳ್ಳುವುದು ಗಿಡಗಳ ಲೋಕದ ಒಂದು ಸೋಜಿಗ.

ಕನ್ನಡಿಗರಿಗೆ ‘ಹಸುರು ಹೊನ್ನು’ ಕೃತಿಯಿಂದ ಆಪ್ತರಾದ ಬಿ. ಜಿ. ಎಲ್. ಸ್ವಾಮಿ ಅವರ ವೈಜ್ಞಾನಿಕ ಕೆಲಸ ಇದೇ ಕ್ಷೇತ್ರದ್ದು. ಹಾರ್ವರ್ಡ್‌ನ ಐ. ಡಬ್ಲ್ಯು. ಬೈಲಿ ಜೊತೆಗೂಡಿ ಅವರು 1950ರಲ್ಲಿ ಸಾರ್ಕಾಂಡ್ರ ಎಂಬ ಹೂಗಿಡದ ಮರದಲ್ಲಿ ನೀರಿನ ನಾಳಗಳೇ ಇಲ್ಲವೆಂದು ವಿವರಿಸಿದರು. ಹೂಬಿಡುವ ಸಸ್ಯಗಳ ಮೂಲವನ್ನು ಅರಸುವವರಿಗೆ ಅದು ಮಹತ್ವದ ಸುಳಿವಾಯಿತು. ದಶಕಗಳ ನಂತರ ಇನ್ನೂ ಸೂಕ್ಷ್ಮವಾಗಿ ನೋಡಿದಾಗ ಅದರಲ್ಲೂ ನಾಳಗಳಿವೆಯೆಂದು ವರದಿಯಾಯಿತು.

ಕೋಶಗಳಾಗಿ ಒಡೆಯದ ದೇಹಭಾಗಗಳೂ ಇವೆ. ಎಳನೀರು ತೆಂಗಿನ ಬೀಜದ ಎಂಡೊಸ್ಪರ್ಮ್, ಅಂದರೆ ಭ್ರೂಣಕ್ಕಾಗಿ ಕೂಡಿಟ್ಟ ಆಹಾರ. ಎಳೆಯ ಕಾಯಿಯಲ್ಲಿ ಕೋಶಕೇಂದ್ರಗಳು ಗೋಡೆಯ ಹಂಗಿಲ್ಲದೆ ಆ ದ್ರವದಲ್ಲೇ ಹೆಚ್ಚುತ್ತ ಹೋಗುತ್ತವೆ. ಕಾಯಿ ಬಲಿತಂತೆ ಅಂಚಿನಿಂದ ಒಳಕ್ಕೆ ಗೋಡೆಗಳು ಏಳುತ್ತವೆ, ಗಂಜಿ ಕಟ್ಟುತ್ತದೆ, ಅದೇ ಗಟ್ಟಿಯಾಗಿ ಕಾಯಿಯ ತಿರುಳಾಗುತ್ತದೆ. ಸಮುದ್ರದ ಪಾಚಿ ಕಾಲೆರ್ಪ ಇನ್ನೂ ಮುಂದೆ ಹೋಗಿದೆ. ಎಲೆ, ಕಾಂಡ, ಬೇರಿನಂಥ ಭಾಗಗಳಿರುವ, ಮೀಟರುಗಟ್ಟಲೆ ಹಬ್ಬುವ ಅದರ ದೇಹವೆಲ್ಲ ಅಸಂಖ್ಯ ಕೇಂದ್ರಗಳಿರುವ ಒಂದೇ ಕೋಶ. ಕೋಶಗಳು ಸೇರಿ ರೂಪ ಕಟ್ಟುತ್ತವೆ ಎಂಬ ಮಾತು ಬಹುಪಾಲು ನಿಜವಾದರೂ ಪೂರ್ತಿ ನಿಜವಲ್ಲ ಎಂಬುದನ್ನು ಕಾಲೆರ್ಪದಂಥ ಜೀವಿಗಳು ನೆನಪಿಸುತ್ತವೆ.

ಕಟ್ಟುವುದು, ಕೆಡವುವುದು

ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಮೊಟ್ಟೆಯಿಂದ ಪ್ರೌಢ ದೇಹದವರೆಗಿನ ಪ್ರತಿ ಕೋಶದ ವಂಶಾವಳಿಯನ್ನು ಜಾನ್ ಸಲ್ಸ್‌ಟನ್ ಮತ್ತು ಸಹೋದ್ಯೋಗಿಗಳು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಗುರುತಿಸಿದರು. ಉಭಯಲಿಂಗಿ ಹುಳು ಬೆಳೆಯುವಾಗ 1,090 ದೇಹಕೋಶಗಳು ಹುಟ್ಟುತ್ತವೆ. ಅವುಗಳಲ್ಲಿ 131 ಪ್ರತಿ ಹುಳುವಿನಲ್ಲೂ ಗೊತ್ತಾದ ಹೊತ್ತಿಗೆ, ಗೊತ್ತಾದ ಜಾಗದಲ್ಲಿ ಸಾಯುತ್ತವೆ, ಉಳಿಯುವುದು 959. ಈ ಸಾವು ಅಪಘಾತವಲ್ಲ, ವಂಶವಾಹಿಗಳು ನಡೆಸುವ ಕೆಲಸ ಎಂದು ತೋರಿಸಿದ್ದಕ್ಕೆ ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಸ್ ಮತ್ತು ಸಲ್ಸ್‌ಟನ್ 2002ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ನಮ್ಮ ಬೆರಳುಗಳು ಬಿಡಿಬಿಡಿಯಾದದ್ದೂ ಭ್ರೂಣದ ಕೈಯಲ್ಲಿ ಬೆರಳ ಸಂದಿನ ಕೋಶಗಳು ಸತ್ತದ್ದರಿಂದ. ಕ್ಯಾನ್ಸರ್‌ನಲ್ಲಿ ತಪ್ಪುವುದು ಈ ಶಿಸ್ತೇ. ನೆರೆಯವರ ಸಂಕೇತಕ್ಕೆ ಕಿವಿಗೊಡದ, ಸಾಯಬೇಕಾದಾಗ ಸಾಯದ, ತನ್ನ ಜಾಗದಲ್ಲಿ ನಿಲ್ಲದ ಕೋಶಗಳ ಸಂತತಿ ಅದು.

ದೇಹದ ಹೊರಗೆ ಅಂಗಾಂಶ

ಸಸ್ಯದ ಬಿಡಿ ಕೋಶದಿಂದ ಇಡೀ ಗಿಡ ಬೆಳೆಸಬಹುದು ಎಂಬ ಆಲೋಚನೆಯನ್ನು ಹ್ಯಾಬರ್‌ಲಾಂಟ್ 1902ರಲ್ಲಿ ಮುಂದಿಟ್ಟ. ಅದು ಕೈಗೂಡಲು ಐವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಹೊಗೆಸೊಪ್ಪಿನ ಅಂಗಾಂಶಕ್ಕೆ ಎರಡು ಹಾರ್ಮೋನುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಆಕ್ಸಿನ್ ಹೆಚ್ಚಾದರೆ ಬೇರು, ಸೈಟೊಕೈನಿನ್ ಹೆಚ್ಚಾದರೆ ಚಿಗುರು, ಎರಡೂ ಸರಿದೂಗಿದರೆ ಗೊತ್ತುಗುರಿಯಿಲ್ಲದ ಕೋಶಗಳ ಮುದ್ದೆ. ಮರುವರ್ಷ ಸ್ಟೂವರ್ಡ್ ಮತ್ತು ಸಂಗಡಿಗರು ಗಜ್ಜರಿಯ ಕೋಶಗಳಿಂದ ಗಿಡಗಳನ್ನು ಪಡೆದರು. ಅವರ ಪೋಷಕ ದ್ರಾವಣದಲ್ಲಿ ಎಳನೀರು ಇತ್ತು, ಕೋಶ ವಿಭಜನೆಯನ್ನು ಪ್ರಚೋದಿಸುವ ಸೈಟೊಕೈನಿನ್‌ಗಳು ಅದರಲ್ಲಿ ಸಹಜವಾಗಿಯೇ ಇವೆ. ಇಂದು ಕರ್ನಾಟಕದ ರೈತರು ನರ್ಸರಿಯಿಂದ ತರುವ ಟಿಶ್ಯೂ ಕಲ್ಚರ್ ಬಾಳೆ ಸಸಿಗಳ ಹಿಂದಿರುವುದು ಇದೇ ತಿಳಿವಳಿಕೆ.

ಪ್ರಾಣಿಗಳ ಅಂಗಾಂಶ ಇಷ್ಟು ಸುಲಭವಾಗಿ ಮಣಿಯಲಿಲ್ಲ. 2009ರಲ್ಲಿ ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ತೋಶಿರೊ ಸಾಟೊ ಇಲಿಯ ಕರುಳಿನ ಒಂದೇ ಆಕರಕೋಶವನ್ನು ಹಂದರದ ಪ್ರೊಟೀನುಗಳ ಲೋಳೆಯಲ್ಲಿಟ್ಟು, ಗುಳಿಯಲ್ಲಿ ಸಿಗುವಂಥ ಸಂಕೇತಗಳನ್ನು ಕೊಟ್ಟು ಬೆಳೆಸಿದರು. ಅದು ಗುಳಿಗಳೂ ವಿಲ್ಲೈಯಂಥ ಭಾಗಗಳೂ ಇರುವ ಪುಟ್ಟ ಕರುಳಿನ ಚೂರಾಯಿತು. ಆರ್ಗನಾಯ್ಡ್ ಎಂಬ ಇಂಥ ರಚನೆಗಳನ್ನು ಈಗ ಯಕೃತ್ತು, ಮೂತ್ರಪಿಂಡ, ಮೆದುಳಿನ ಕೋಶಗಳಿಂದಲೂ ಬೆಳೆಸುತ್ತಾರೆ. ರೋಗಿಯ ಕೋಶಗಳಿಂದಲೇ ಬೆಳೆಸಿದ ಆರ್ಗನಾಯ್ಡ್‌ಗಳ ಮೇಲೆ ಔಷಧಿ ಪರೀಕ್ಷಿಸುವುದು ಆರಂಭವಾಗಿದೆ. ಆದರೆ ಅವು ಸಾಮಾನ್ಯವಾಗಿ ಕೆಲವು ಮಿಲಿಮೀಟರ್ ದಾಟಿ ಬೆಳೆಯುವುದಿಲ್ಲ. ರಕ್ತನಾಳಗಳಿಲ್ಲದ್ದರಿಂದ ನಡುವಿನ ಕೋಶಗಳಿಗೆ ಆಮ್ಲಜನಕ ಮುಟ್ಟದೆ ಅವು ಸಾಯತೊಡಗುತ್ತವೆ. ರಕ್ತನಾಳಗಳ ಕೋಶಗಳನ್ನು ಆರಂಭದಿಂದಲೇ ಜೊತೆಯಲ್ಲಿ ಬೆಳೆಸಿ, ಆರ್ಗನಾಯ್ಡಿನೊಳಗೆ ಲೋಮನಾಳಗಳು ಹಬ್ಬುವಂತೆ ಮಾಡುವ ಪ್ರಯತ್ನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ.